ಕಳೆದದ್ದು ಯಾವಾಗ, ಗೊತ್ತಾದದ್ದು ಯಾವಾಗ?

ಅಜ್ಜಿಯ ಮೂಗುತಿ ಕಳೆದುಹೋಗುವ ಕತೆ ಬರೆಯುತ್ತಿದ್ದೀರಿ. ಅದರ ಮೇಲಿನ ಪ್ರೀತಿಯನ್ನು ಮೊದಲೇ ಎಷ್ಟು ಪುಟ ಬರೆದರೆ ಓದುಗರಿಗೆ ನೋವು ತಟ್ಟುತ್ತದೆ ಎಂದು ಕೇಳಿದ್ದೀರಿ. ಒಂದು ಪುಟವೂ ಬೇಡ. ನಾನು ಮೂರು ಪುಟ ಬರೆದು ಕೈಸುಟ್ಟುಕೊಂಡವನು.

ನನ್ನ ಕತೆಯಲ್ಲಿದ್ದದ್ದು ಅವಲಕ್ಕಿ ಸರ ಅನ್ನುವ ಚಿನ್ನದ ಹಾರ. ಸೊಸೆ ತವರಿಂದ ಬಸ್ಸಿನಲ್ಲಿ ಬರುತ್ತಾಳೆ, ಇಳಿಯುವಾಗ ಚೀಲಕ್ಕೆ ಕೈಹಾಕುತ್ತಾಳೆ, ಸರ ಇಲ್ಲ. ಸೀಟಿನಡಿ ತಡಕಾಟ, ಕಂಡಕ್ಟರ್ ಜೊತೆ ಜಗಳ, ಅಳು. ಕರಡು ಓದಿದ ಗೆಳೆಯ ಕೇಳಿದ್ದು ಒಂದೇ: "ಗಂಡ ಇನ್ನೊಂದು ಸರ ಮಾಡಿಸಿಕೊಟ್ರೆ ಕತೆ ಮುಗೀತಲ್ಲ?" ಹೌದು, ಮುಗಿಯುತ್ತಿತ್ತು.

ತಪ್ಪು ಎಲ್ಲಿತ್ತು ಅಂದರೆ, ಸರ ಕಳೆದದ್ದನ್ನೂ ಅದು ಗೊತ್ತಾದದ್ದನ್ನೂ ಒಂದೇ ದೃಶ್ಯಕ್ಕೆ ತುರುಕಿದ್ದೆ. ಅವು ಎರಡು ಬೇರೆ ಘಟನೆಗಳು. ಕಳೆದ ಕೂಡಲೇ ಗೊತ್ತಾದರೆ ಪಾತ್ರಕ್ಕೆ ಉಳಿಯುವ ಕೆಲಸ ಹುಡುಕುವುದು, ಅಳುವುದು, ಅಷ್ಟೇ. ನನ್ನ ಸೊಸೆ ಯಾರಿಗೂ ಸುಳ್ಳು ಹೇಳಿರಲಿಲ್ಲ, ಮಾತು ಕೊಟ್ಟಿರಲಿಲ್ಲ, ಯಾರ ಮೇಲೂ ಅನುಮಾನಪಟ್ಟಿರಲಿಲ್ಲ. ತಪ್ಪು ಮಾಡಲು ಅವಳಿಗೆ ನಾನು ಪುರುಸೊತ್ತೇ ಕೊಟ್ಟಿರಲಿಲ್ಲ. ಇನ್ನೂ ಮೂರು ಪುಟ ಪ್ರೀತಿ ಸೇರಿಸಿದ್ದರೂ ಅಳು ಉದ್ದವಾಗುತ್ತಿತ್ತೇ ಹೊರತು ಸಂಘರ್ಷ ಹುಟ್ಟುತ್ತಿರಲಿಲ್ಲ.

ಕಾಳಿದಾಸ ತನ್ನ ಶಾಕುಂತಲ ನಾಟಕದಲ್ಲಿ ಇದನ್ನು ಹೇಗೆ ಮಾಡಿದ ನೋಡಿ. ಮಹಾಭಾರತದ ಶಕುಂತಲೆಯ ಕತೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ನೆನಪಿದ್ದೂ ರಾಜ ಒಲ್ಲೆ ಅನ್ನುತ್ತಾನೆ, ಅಶರೀರವಾಣಿ ನ್ಯಾಯ ಹೇಳುತ್ತದೆ. ಕಾಳಿದಾಸ ಎರಡನ್ನೂ ತಂದ: ಶಾಪದಿಂದ ರಾಜ ಅವಳನ್ನು ಮರೆಯುತ್ತಾನೆ, ಅವನೇ ಕೊಟ್ಟ ಉಂಗುರ ಕಂಡರೆ ನೆನಪಾಗುತ್ತದೆ. 4ನೇ ಅಂಕದಲ್ಲಿ ಸಖಿಯರು, ರಾಜ ಗುರುತು ಹಿಡಿಯಲು ತಡಮಾಡಿದರೆ ಇದನ್ನು ತೋರಿಸು ಅನ್ನುತ್ತಾರೆ. ಅಲ್ಲಿಗೆ ಉಂಗುರಕ್ಕೊಂದು ಕೆಲಸ ಸಿಕ್ಕಿತು. ಅದು ದಾರಿಯಲ್ಲಿ ಶಚೀತೀರ್ಥದ ನೀರಿಗೆ ಜಾರಿದ್ದು ರಂಗದ ಮೇಲೆ ನಡೆಯುವುದೇ ಇಲ್ಲ. ಗೊತ್ತಾಗುವುದು 5ನೇ ಅಂಕದಲ್ಲಿ, ತುಂಬಿದ ಆಸ್ಥಾನದಲ್ಲಿ, ತೋರಿಸುತ್ತೇನೆಂದು ಬಾಯಿಬಿಟ್ಟು ಹೇಳಿ ಬೆರಳು ಮುಟ್ಟಿಕೊಂಡಾಗ. ಬೇಕಾದ ಗಳಿಗೆಯಲ್ಲಿ, ಯಾರಿಗೆ ತೋರಿಸಬೇಕೋ ಅವರೆದುರೇ ಇಲ್ಲವಾಗಬೇಕು.

ನನ್ನ ಕತೆಯನ್ನು ಹಾಗೆ ತಿದ್ದಿದೆ. ಸರ ಅತ್ತೆಯದಾಯಿತು, ಭಾನುವಾರ ಧಾರೆಯಲ್ಲಿ ನಾದಿನಿಯ ಕೊರಳಿಗೆ ಹೋಗಬೇಕಾದದ್ದು. ಗುರುವಾರವೇ ಜಾರಿತು, ಒಂದೇ ಸಾಲಿನಲ್ಲಿ. ಓದುಗರಿಗೆ ಗೊತ್ತು, ಅವಳಿಗಿಲ್ಲ. ಶುಕ್ರವಾರ ಅತ್ತೆ "ಸರ ಇದೆ ತಾನೆ?" ಅಂದಾಗ ಚೀಲ ಬಿಚ್ಚದೆಯೇ "ಇದೆ ಅತ್ತೆ" ಅನ್ನುತ್ತಾಳೆ. ಗಂಟು ಬಿದ್ದದ್ದು ಆ "ಇದೆ"ಯಲ್ಲಿ. ಛತ್ರದ ಕೋಣೆಯಲ್ಲಿ ಅತ್ತೆ ಕೈಚಾಚುವವರೆಗಿನ ಆರು ಪುಟದಲ್ಲಿ ಸರದ ವರ್ಣನೆ ಒಂದಕ್ಷರವೂ ಇಲ್ಲ.

ಫ್ರೆಂಚ್ ಕತೆಗಾರ ಮೊಪಾಸಾನ ಹಾರದ ಕತೆಯಲ್ಲಿ ಕಳೆದ ರಾತ್ರಿಯೇ, ಮನೆಯ ಕನ್ನಡಿ ಮುಂದೆಯೇ ಗೊತ್ತಾಗುತ್ತದಲ್ಲ ಅನ್ನಬಹುದು. ಅಲ್ಲಿ ಹಾರ ಗೆಳತಿಯಿಂದ ಎರವಲು ತಂದದ್ದು. ಬದಲಿ ಹಾರಕ್ಕೆ 36,000 ಫ್ರಾಂಕ್ ಕೊಟ್ಟು, ಅದಕ್ಕಾಗಿ ಮಾಡಿದ ಸಾಲ ತೀರಿಸಲು 10 ವರ್ಷ ದುಡಿದ ಮೇಲೆ, ಕಳೆದದ್ದು ಹೆಚ್ಚೆಂದರೆ 500 ಫ್ರಾಂಕಿನ ನಕಲಿ ಎಂದು ತಿಳಿಯುತ್ತದೆ. ಅಂತರ ಅಲ್ಲೂ ಇದೆ, ಬೇರೆ ಕಡೆ ಇಟ್ಟಿದ್ದಾನೆ.

ನಿಮ್ಮ ಮೂಗುತಿಗೆ ಬರೋಣ. ಕಳೆಯುವ ಮುಂಚೆ ಅದು ಮೂರು ಸಲ ಕಾಣಿಸಲಿ, ಪ್ರತಿ ಸಲ ಒಂದೆರಡು ಸಾಲು, ಪ್ರತಿ ಸಲ ಏನೋ ಕೆಲಸದಲ್ಲಿ. ಒಮ್ಮೆ ಗಿರವಿಗೆ ಹೋಗಿ ಬಿಡಿಸಿಕೊಂಡು ಬಂದದ್ದು. ಒಮ್ಮೆ ಅದನ್ನು ಯಾರಿಗೆ, ಯಾವತ್ತಿಗೆ ಕೊಡಬೇಕೆಂಬ ಮಾತು. ಈ ತಾರೀಕು ಇಲ್ಲದಿದ್ದರೆ ಕತೆ ಸಡಿಲ. ಇನ್ನೊಮ್ಮೆ ತಿರುಪು. ಮಗನನ್ನು ಬೈಯುತ್ತಾ ಅಜ್ಜಿ ಸುಮ್ಮನೆ ತಿರುಪು ಬಿಗಿ ಮಾಡಿಕೊಳ್ಳಲಿ. "ತಿರುಪು ಸಡಿಲ ಆಗಿದೆ, ಅಕ್ಕಸಾಲಿಗನ ಹತ್ರ ಹೋಗಬೇಕು" ಎಂದು ಬಾಯಿಬಿಟ್ಟು ಹೇಳಿಸಬೇಡಿ, ಓದುಗ ಮೂರನೇ ಸಾಲಿಗೇ ಹಿಡಿಯುತ್ತಾನೆ. ಕೆಲಸದವಳ ಮೇಲೆ ಅನುಮಾನ ತರುವ ಆಸೆ ಆಗುತ್ತದೆ. ತರುವುದಾದರೆ, ಮೂಗುತಿ ಸಿಕ್ಕಮೇಲೂ ಆ ಮಾತು ವಾಪಸಾಗದಂತೆ ಬರೆಯಿರಿ; ಇಲ್ಲವಾದರೆ ಅವಳನ್ನು ಬಿಟ್ಟುಬಿಡಿ.

ಮೂಗುತಿ ಕೊನೆಗೆ ಸಿಗಬಹುದು, ಆದರೆ ಹೊತ್ತು ಮೀರಿ. ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕುವುದು 6ನೇ ಅಂಕದಲ್ಲಿ. ಅದನ್ನು ನೋಡಿದ ಮೇಲೇ ದುಷ್ಯಂತನಿಗೆ ಎಲ್ಲ ನೆನಪಾಗುತ್ತದೆ, ಅಷ್ಟರಲ್ಲಿ ಶಕುಂತಲೆ ಹೊರಟುಹೋಗಿದ್ದಾಳೆ.