ಲುಬ್ಲಿನ್‌ಗೆ ಖಂಡಿತ ಹೋಗಿ, ಆದರೆ ಈಸ್ಟರ್ ರಜೆಯಲ್ಲಿ ಬೇಡ

ಈಸ್ಟರ್ ರಜೆಯಲ್ಲಿ ತಂದೆ-ತಾಯಿಯನ್ನು ಕರೆದುಕೊಂಡು ಪೋಲೆಂಡಿನ ರಾಜಧಾನಿ ವಾರ್ಸಾದಿಂದ ಲುಬ್ಲಿನ್‌ಗೆ ಹೋಗಿ ಒಂದೇ ದಿನದಲ್ಲಿ ನೋಡಿಕೊಂಡು ಬರಬಹುದೇ, ಇಲ್ಲವೇ ಆ ದಿನವನ್ನೂ ಕ್ರಾಕೋವ್‌ಗೆ ಕೊಡುವುದು ವಾಸಿಯೇ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಲೆಕ್ಕವನ್ನು ನಾನು 2023ರ ಏಪ್ರಿಲ್‌ನಲ್ಲಿ ಹಾಕಿದ್ದೆ. ಆಗ ವಾರ್ಸಾದಲ್ಲಿ ಕೆಲಸದಲ್ಲಿದ್ದೆ. ಹಾಸನದಿಂದ ಅಪ್ಪ-ಅಮ್ಮ ಮೂರು ವಾರಕ್ಕೆಂದು ಬಂದಿದ್ದರು. ಏಪ್ರಿಲ್ 8ರ ಶನಿವಾರ ಬೆಳಿಗ್ಗೆ ರೈಲು ಹತ್ತಿ, ಸುಮಾರು ಎರಡು ಗಂಟೆಯ ಪ್ರಯಾಣ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಲುಬ್ಲಿನ್‌ನಲ್ಲಿ ಇಳಿದೆವು. ಶನಿವಾರ ಹಳೆಯ ಊರಿನಲ್ಲಿ ಸುತ್ತಾಟ, ಭಾನುವಾರ ಕೋಟೆ ಮತ್ತು ಅದರೊಳಗಿನ ಚಾಪೆಲ್ (ಚಿಕ್ಕ ಪ್ರಾರ್ಥನಾ ಮಂದಿರ), ಸೋಮವಾರ ಉಳಿದದ್ದನ್ನೆಲ್ಲ ನೋಡಿ ವಾಪಸ್ಸು ಎಂಬುದು ನನ್ನ ಯೋಜನೆಯಾಗಿತ್ತು.

ತಪ್ಪಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಅಡಗಿ ಕುಳಿತಿದೆ. ನಮ್ಮ ಕಡೆ ಸರ್ಕಾರಿ ರಜೆ ಇರುವುದು ಗುಡ್ ಫ್ರೈಡೆಗೆ. ಈಸ್ಟರ್ ಹೇಗೂ ಭಾನುವಾರವೇ ಬರುವುದರಿಂದ ಅದಕ್ಕೆ ಬೇರೆ ರಜೆಯಿಲ್ಲ, ಸೋಮವಾರ ಎಲ್ಲರೂ ಕಚೇರಿಗೆ ಹೋಗುತ್ತಾರೆ. ಪೋಲೆಂಡ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಗುಡ್ ಫ್ರೈಡೆ ಕೆಲಸದ ದಿನ. ಈಸ್ಟರ್ ಭಾನುವಾರ ಮತ್ತು ಅದರ ಮರುದಿನದ ಸೋಮವಾರ ಎರಡೂ ದೊಡ್ಡ ಹಬ್ಬದ ರಜೆಗಳು. ನಾನು ಶುಕ್ರವಾರ ಎಂದಿನಂತೆ ಕಚೇರಿಗೆ ಹೋಗಿ ಬಂದವನು, ಶುಕ್ರವಾರವೇ ರಜೆ ಕೊಡದವರು ಭಾನುವಾರ ಬಾಗಿಲು ಹಾಕುತ್ತಾರೆಯೇ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟೆ. ಕೋಟೆಯ ವಸ್ತುಸಂಗ್ರಹಾಲಯದ ಸಮಯಪಟ್ಟಿಯನ್ನು ನೋಡದೆ ಇರಲಿಲ್ಲ, ನೋಡಿದ್ದೆ. ಅದರಲ್ಲಿ ಭಾನುವಾರ ತೆರೆದಿರುತ್ತದೆ ಎಂದಿತ್ತು. ಅದು ಸಾಮಾನ್ಯ ವಾರದ ಪಟ್ಟಿ ಎಂಬುದಾಗಲಿ, ಹಬ್ಬದ ದಿನಗಳ ವಿಷಯ ಬೇರೆ ಕಡೆ ಬರೆದಿರುತ್ತದೆ ಎಂಬುದಾಗಲಿ ನನಗೆ ಹೊಳೆಯಲೇ ಇಲ್ಲ. ಇಷ್ಟು ಸಾಲದೆಂಬಂತೆ ಈಸ್ಟರ್ ಹಿಂದಿನ ಶನಿವಾರ ಅಂಗಡಿಗಳು ಮಧ್ಯಾಹ್ನ ಎರಡು ಗಂಟೆಗೇ ಮುಚ್ಚಬೇಕೆಂಬ ಕಾನೂನಿದೆ. ಅದನ್ನೂ ಗಮನಿಸದೆ, ಊಟದ ಸಾಮಾನನ್ನು ಸಂಜೆ ಕೊಂಡರಾಯಿತು ಎಂದುಕೊಂಡಿದ್ದೆ.

ನಾವು ಸಾಮಾನಿಟ್ಟು ಹೊರಬಿದ್ದಾಗ ಒಂದೂವರೆ. ಒಂದು ಬೇಕರಿಯ ಹೆಂಗಸು ಬಾಗಿಲು ಹಾಕುವ ಅವಸರದಲ್ಲಿದ್ದರೂ ಉಳಿದಿದ್ದ ಮೂರು ಸೆಬುಲಾಶ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅಂಗೈಗಿಂತ ದೊಡ್ಡದಾದ ಚಪ್ಪಟೆ ರೊಟ್ಟಿ, ಮೇಲೆ ಹೆಚ್ಚಿದ ಈರುಳ್ಳಿ, ಅದರ ನಡುವೆ ಕಪ್ಪು ಕಾಳು. ಅಮ್ಮ ಒಂದು ತುತ್ತು ಕಡಿದು, ನಾಲಿಗೆಯ ತುದಿಯಲ್ಲಿ ಒಂದು ಕಾಳನ್ನು ಬೇರ್ಪಡಿಸಿಕೊಂಡು, "ಇದು ನಮ್ಮ ಗಸಗಸೆಯೇ, ಬಣ್ಣ ಮಾತ್ರ ಬೇರೆ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಲುಬ್ಲಿನ್‌ನ ಯೆಹೂದಿ ಬೇಕರಿಗಳಿಂದ ಬಂದ ಈ ತಿನಿಸಿಗೆ 2014ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿದೆ. (ದುಬೈ ಮೂಲಕ ಮರಳುವವರಾದರೆ ಇದನ್ನು ಕಟ್ಟಿಸಿಕೊಂಡು ಹೋಗಬೇಡಿ, ಅಲ್ಲಿ ಗಸಗಸೆಗೆ ನಿಷೇಧವಿದೆ.) ಆ ಮೂರು ರೊಟ್ಟಿಗಳ ನಂತರ ನಮಗೆ ಸೋಮವಾರದವರೆಗೆ ಸಿಕ್ಕಿದ್ದು ಪೆಟ್ರೋಲ್ ಬಂಕಿನ ಅಂಗಡಿಯ ಬ್ರೆಡ್ಡು ಮತ್ತು ಬಾಳೆಹಣ್ಣು. ಅಪ್ಪನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವರನ್ನು ಹಾಗೆ ಅಲೆಸಿದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಮಂಡಿನೋವಿನ ಅಪ್ಪ ಕೋಟೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದರು. ಬಾಗಿಲು ಹಾಕಿತ್ತು. ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಇಳಿದು ಕೆಳಗಿನ ಬೀದಿಯಲ್ಲಿ ನಡೆಯುವಾಗ ಅವರ ಕಣ್ಣಿಗೆ ಹಳೆಯ ಕಾಲದ ಒಂದು ಬೀದಿದೀಪ ಬಿತ್ತು, ಹಾಡುಹಗಲಿನಲ್ಲಿ ಉರಿಯುತ್ತಿತ್ತು. ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಸುಮ್ಮನಿರಲು ಸಾಧ್ಯವೇ? "ಹಬ್ಬವೆಂದು ಆರಿಸುವುದನ್ನೇ ಮರೆತಿದ್ದಾರೆ ನೋಡು, ಯಾರಿಗಾದರೂ ತಿಳಿಸು" ಎಂದರು. ಯಾರಿಗೆ ತಿಳಿಸುವುದೆಂದು ನನಗೂ ಗೊತ್ತಿರಲಿಲ್ಲ. ಮರುದಿನ ರೈಲು ನಿಲ್ದಾಣಕ್ಕೆ ಹೋಗುವಾಗ ಒಬ್ಬ ಹುಡುಗ ನೀರಿನ ಪಿಸ್ತೂಲಿನಿಂದ ಅಮ್ಮನ ಶಾಲನ್ನು ತೋಯಿಸಿ ಓಡಿದ. ಈಸ್ಟರ್ ಸೋಮವಾರ ನೀರೆರಚುವುದು ಅಲ್ಲಿಯ ಪದ್ಧತಿ. ಇಡೀ ಪ್ರವಾಸದಲ್ಲಿ ಅಮ್ಮ ಮನಸಾರೆ ನಕ್ಕದ್ದು ಆಗ ಮಾತ್ರ. ಬಣ್ಣವಿಲ್ಲದ ಓಕುಳಿ ಎಂದರು.

ಮೇ ತಿಂಗಳ ನಡುವಿನಲ್ಲಿ, ಅವರು ಊರಿಗೆ ಮರಳಿದ ಮೇಲೆ, ನಾನೊಬ್ಬನೇ ಎರಡು ದಿನ ರಜೆ ಹಾಕಿ ಮತ್ತೆ ಹೋದೆ. ಊರೇ ಬೇರೆಯಾಗಿತ್ತು: ಲೈಲಾಕ್ ಹೂವಿನ ವಾಸನೆ ಬೀದಿಬೀದಿಯಲ್ಲಿತ್ತು, ಹಳೆಯ ಊರಿನ ಚೌಕದಲ್ಲಿ ಮೇಜುಗಳು ಹೊರಬಂದಿದ್ದವು. ಕೋಟೆಯ ಹೋಲಿ ಟ್ರಿನಿಟಿ ಚಾಪೆಲ್‌ನಲ್ಲಿ ಚಿತ್ರಗಳ ರಕ್ಷಣೆಗಾಗಿ ಒಮ್ಮೆಗೆ ಇಷ್ಟೇ ಜನ ಎಂಬ ಮಿತಿಯಿದೆ, ಆದ್ದರಿಂದ ಟಿಕೆಟ್ಟನ್ನು ಮೊದಲೇ ಮಾಡಿಸಿಕೊಳ್ಳಿ. ಒಳಗೆ ಒಂದೇ ಒಂದು ಕಂಬ; ಅದರ ನೆತ್ತಿಯಿಂದ ಕಮಾನಿನ ಎಳೆಗಳು ತೆಂಗಿನ ಗರಿಗಳಂತೆ ಸುತ್ತಲೂ ಹರಡಿಕೊಂಡಿವೆ. ಕಟ್ಟಡ ಪಶ್ಚಿಮದ ಗೋಥಿಕ್ ಶೈಲಿಯದು, ಆದರೆ ಗೋಡೆಯಿಂದ ಚಾವಣಿಯವರೆಗೆ ತುಂಬಿರುವ ಚಿತ್ರಗಳು ಪೂರ್ವದ ಬೈಜಾಂಟಿಯನ್ ಶೈಲಿಯವು. ಲಿಥುವೇನಿಯಾದಿಂದ ಬಂದು, 1386ರಲ್ಲಿ ಕ್ರೈಸ್ತ ದೀಕ್ಷೆ ಪಡೆದು ಪೋಲೆಂಡಿನ ಸಿಂಹಾಸನವೇರಿದ ಯಾಗಿಯೆವೊ ರುಥೇನಿಯಾದ (ಇಂದಿನ ಉಕ್ರೇನ್, ಬೆಲಾರುಸ್ ಸೀಮೆಯ) ಚಿತ್ರಕಾರರನ್ನು ಕರೆಸಿ ಬರೆಯಿಸಿದ ಈ ಕೆಲಸ 1418ರಲ್ಲಿ ಮುಗಿಯಿತು. ಗೋಡೆಯ ಮೇಲೆ ದೊರೆಯೂ ಇದ್ದಾನೆ, ಒಂದೆಡೆ ಕುದುರೆಯ ಮೇಲೆ, ಇನ್ನೊಂದೆಡೆ ಮೇರಿಯ ಮುಂದೆ ಮಂಡಿಯೂರಿ. ಮುಂದೆ ಕೋಟೆ ಸೆರೆಮನೆಯಾಯಿತು, ಚಿತ್ರಗಳು ಗಾರೆಯಡಿ ಮುಚ್ಚಿಹೋದವು. 19ನೇ ಶತಮಾನದ ಕೊನೆಯಲ್ಲಷ್ಟೇ ಮತ್ತೆ ಬೆಳಕಿಗೆ ಬಂದವು. ಕ್ರಾಕೋವ್‌ನಲ್ಲಿ ನಾನು ನೋಡಿದ ಯಾವುದೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿಲ್ಲ.

ಗ್ರೋಡ್ಸ್ಕಾ ದ್ವಾರದಲ್ಲಿ ಆ ದೀಪದ ವಿಷಯವೂ ತಿಳಿಯಿತು. ಕ್ರೈಸ್ತರ ಊರನ್ನೂ ಯೆಹೂದಿಗಳ ಊರನ್ನೂ ಜೋಡಿಸುತ್ತಿದ್ದ ಬಾಗಿಲು ಅದು. ಯುದ್ಧಕ್ಕೆ ಮುಂಚೆ ಲುಬ್ಲಿನ್‌ನಲ್ಲಿ ಸುಮಾರು 43,000 ಯೆಹೂದಿಗಳಿದ್ದರು, ಅಂದರೆ ಊರಿನ ಮೂರನೆಯ ಒಂದು ಭಾಗ. ಕೋಟೆಯ ಕೆಳಗಿದ್ದ ಅವರ ಬಡಾವಣೆಯನ್ನು ನಾಜಿಗಳು ನೆಲಸಮ ಮಾಡಿದರು. ಈಗ ಅಲ್ಲಿ ದೊಡ್ಡ ಚೌಕವಿದೆ. ದ್ವಾರದೊಳಗಿನ ಕೇಂದ್ರದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಡತವೆಂದು ಇಟ್ಟಿದ್ದಾರೆ, ಎಷ್ಟೋ ಕಡತಗಳು ಖಾಲಿಯೇ ಇವೆ. ಆ ಬಡಾವಣೆಯಿಂದ ಉಳಿದುಕೊಂಡ ಬೀದಿದೀಪವನ್ನು ನೆನಪಿಗಾಗಿ ಹಗಲೂ ರಾತ್ರಿಯೂ ಉರಿಸುತ್ತಾರೆ. ಅಂದು ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ, ತುಸು ಹೊತ್ತು ಮೌನವಾಗಿದ್ದು, "ಹಾಗಾದರೆ ಯಾರಿಗೂ ತಿಳಿಸದಿದ್ದುದೇ ಒಳ್ಳೆಯದಾಯಿತು" ಎಂದರು.

ಹೀಗಾಗಿ ಕ್ರಾಕೋವೋ ಲುಬ್ಲಿನ್ನೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಲುಬ್ಲಿನ್ ಮಿಕ್ಕ ದಿನವೊಂದನ್ನು ತುಂಬಿಸಲು ಇರುವ ಊರಲ್ಲ. ಕನಿಷ್ಠ ಎರಡು ರಾತ್ರಿ ಕೊಡಲಾಗದಿದ್ದರೆ ಬಿಟ್ಟೇಬಿಡಿ. ಮೈದಾನೆಕ್ ಯಾತನಾ ಶಿಬಿರದ ಸ್ಮಾರಕ ನಗರದ ಅಂಚಿನಲ್ಲೇ ಇದೆ, ಅಲ್ಲಿಗೆ ಅರ್ಧ ದಿನ ಬೇಕು, ಮತ್ತು ಅಲ್ಲಿಂದ ಬಂದ ಮೇಲೆ ಆ ದಿನ ಇನ್ನೇನನ್ನೂ ನೋಡುವ ಮನಸ್ಸಾಗುವುದಿಲ್ಲ. ನಿಮ್ಮ ವಿಮಾನದ ಟಿಕೆಟ್ಟನ್ನು ಮುಂದೂಡಲು ಸಾಧ್ಯವಿದ್ದರೆ ಮೇ ಎರಡನೆಯ ವಾರದ ನಂತರ ಬನ್ನಿ. ಮೇ 1 ಮತ್ತು 3 ಕೂಡ ರಾಷ್ಟ್ರೀಯ ರಜೆಗಳಾಗಿರುವುದರಿಂದ ಆ ವಾರ ಬೇಡ. ಮುಂದೂಡಲು ಆಗದಿದ್ದರೆ ಈಸ್ಟರ್ ಮುಗಿದ ಮಂಗಳವಾರ ಹೊರಟು ಗುರುವಾರ ಮರಳಿ. ಅಪ್ಪ-ಅಮ್ಮನಿಗೆ ಸ್ವೆಟರ್ ಇರಲಿ, ಏಪ್ರಿಲ್ ಒಂದಿಷ್ಟು ಚಳಿಗಾಲವನ್ನೂ ಒಂದಿಷ್ಟು ಬೇಸಿಗೆಯನ್ನೂ ಸೇರಿಸಿ ಹೆಣೆಯುತ್ತದೆ ಎಂದು ಪೋಲಿಷರೇ ಗಾದೆ ಕಟ್ಟಿದ್ದಾರೆ. ಆ ಶನಿವಾರವೇ ಹೋಗುವುದು ಅನಿವಾರ್ಯವಾದರೆ, ಎರಡು ಗಂಟೆಗೆ ಮುಂಚೆ ಅಕ್ಕಿ, ಮೊಸರು, ತರಕಾರಿ ಕೊಂಡಿಟ್ಟುಕೊಂಡು, ಅಡುಗೆಮನೆಯಿರುವ ಕೋಣೆಯಲ್ಲಿ ಇಳಿದುಕೊಳ್ಳಿ.