ಕಲಬುರಗಿಗೆ ಬಂದರೆ ಎಲ್ಲಿ ಉಣ್ಣಬೇಕು, ಎಷ್ಟು ಹೊತ್ತಿಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಕಡೆಗೆ ಹೊರಟವರವು. ಕೇಳಿದ್ದೆಲ್ಲ ಊಟ, ತಿಂಡಿ, ನೀರಿನ ಮಾತು. ಖಾನಾವಳಿ ಕೆಲಸ, ಅಡುಗೆ ಗುತ್ತಿಗೆ ಬಲ್ಲ ಕಲಬುರಗಿಯ ನಮ್ಮ ಬಳಗದವರು ಉತ್ತರಿಸಿದ್ದಾರೆ.

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಎರಡು ದಿನ ಕಲಬುರಗಿಗೆ ಬರುತ್ತಿದ್ದೇವೆ. ಜೊತೆಗೆ ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ಹಿಂದೊಮ್ಮೆ ಬಂದಾಗ ರಾತ್ರಿ ಹತ್ತಕ್ಕೆ ರೊಟ್ಟಿ ಊಟ ಕೇಳಿದ್ದಕ್ಕೆ ಚರ್ಮದಂಥ ರೊಟ್ಟಿ, ಜೊತೆಗೆ ಪನೀರ್ ಗ್ರೇವಿ ಕೊಟ್ಟರು. ನಿಜವಾದ ರೊಟ್ಟಿ ಊಟ ಸಿಗುವ ಒಂದು ಖಾನಾವಳಿ ಹೆಸರು ಹೇಳಿ.
– ದಾವಣಗೆರೆಯ ಓದುಗರು

ಉತ್ತರ: ಹೆಸರಿಗಿಂತ ಮೊದಲು ಹೊತ್ತು ನೋಡಿಕೊಳ್ಳಿ. ಖಾನಾವಳಿಯ ರುಚಿ ಇರುವುದು ಒಳಗೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಯಲ್ಲಿ. ಅವರು ಒಲೆ ಮುಂದೆ ಕೂತಿರುವುದು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ, ರಾತ್ರಿ ಏಳೂವರೆಯಿಂದ ಒಂಬತ್ತರ ಒಳಗೆ. ಅವರು ಎದ್ದು ಹೋದ ಮೇಲೆ ಎಂಥ ಹೆಸರಾದ ಖಾನಾವಳಿಯಲ್ಲೂ ನಿಮಗೆ ಸಿಗುವುದು ಬುಟ್ಟಿಯಲ್ಲಿ ಉಳಿದ ರೊಟ್ಟಿಯೇ.

ಉಳಿದ ರೊಟ್ಟಿ ಚರ್ಮದಂತಾಗುವುದಕ್ಕೆ ಕಾರಣವಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಪಿಷ್ಟ ಅರೆಬೆಂದು ಹಿಟ್ಟಿಗೆ ಹಿಡಿತ ಬರುತ್ತದೆ. ರೊಟ್ಟಿ ಆರುತ್ತ ಹೋದಂತೆ ಅದೇ ಪಿಷ್ಟ ಬಿಗಿಯುತ್ತದೆ. ಹಂಚಿನಿಂದ ಇಳಿದ ಹತ್ತು ಹದಿನೈದು ನಿಮಿಷದೊಳಗೆ ತಿಂದರೆ ಮೆತ್ತಗೆ, ಆಮೇಲೆ ಜಗಿಯಬೇಕು. ಇನ್ನು ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ, ಅಥವಾ ಹೈಬ್ರಿಡ್ ಜೋಳವಾಗಿದ್ದರೆ, ಬಿಸಿ ಇದ್ದಾಗಲೇ ಅಂಚು ಒಡೆದಿರುತ್ತದೆ. ಹಿಂಗಾರಿನ ಮಾಲದಂಡಿ ಜೋಳದ ರೊಟ್ಟಿ ಬೆಳ್ಳಗಿದ್ದು ಅಂಚು ನೇರವಾಗಿರುತ್ತದೆ, ಬಾಯಲ್ಲಿ ಸಣ್ಣ ಸಿಹಿ ಉಳಿಯುತ್ತದೆ.

ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಮುತ್ತ, ಕೇಂದ್ರ ಬಸ್ ನಿಲ್ದಾಣದ ಆಸುಪಾಸು ಖಾನಾವಳಿ ಹುಡುಕಿ. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಹೋಗಿ ಕೂಡ್ರಿ. ಕೇಳಿಸದಿದ್ದರೆ ‘ಬಿಸಿ ರೊಟ್ಟಿ ಅದಾವೇನ್ರಿ?’ ಎಂದು ಕೇಳಿಯೇ ಕೂಡ್ರಿ. ಬೋರ್ಡಿನ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿದ್ದರೆ ಪೂರ್ತಿ ಸಸ್ಯಾಹಾರ. ‘ಸಾವಜಿ’ ಎಂದಿದ್ದರೆ ಮಾಂಸದೂಟ, ಖಾರವೂ ಜೋರು. ಮೆನುವಿನಲ್ಲಿ ಗೋಬಿ ಮಂಚೂರಿ, ನೂಡಲ್ಸ್, ಪನೀರ್ ಎಲ್ಲ ಇದ್ದು ಕೊನೆಯ ಸಾಲಿನಲ್ಲಿ ಜೋಳದ ರೊಟ್ಟಿ ಇದ್ದರೆ ಅಲ್ಲಿ ರೊಟ್ಟಿ ಕೇಳಬೇಡಿ. ಅಲ್ಲಿ ಅದು ಹೊರಗಿನಿಂದ ತರಿಸಿದ್ದಾಗಿರುವುದೇ ಹೆಚ್ಚು.

ತಟ್ಟೆಗೆ ಸಾಮಾನ್ಯವಾಗಿ ಎರಡು ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ, ಬ್ಯಾಳಿ, ಅನ್ನ, ಮಜ್ಜಿಗೆ ಬರುತ್ತವೆ. ಬದಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ, ಮೆಂತ್ಯಸೊಪ್ಪು, ಸವತಿಕಾಯಿ. ಮೂರನೆಯ ರೊಟ್ಟಿಗೆ ದುಡ್ಡು ಬೇರೆಯೋ ಊಟದಲ್ಲೇ ಸೇರಿದೆಯೋ ಎಂದು ಕೂಡುವಾಗಲೇ ಕೇಳಿಬಿಡಿ. ತಕರಾರು ಬರುವುದು ಅಲ್ಲಿಯೇ. ಪುಂಡಿಪಲ್ಯ ಇದ್ದ ದಿನ ಬಿಡಬೇಡಿ. ಪುಂಡಿ (ಗೋಂಗುರ) ಸೊಪ್ಪಿನ ಹುಳಿ, ಬ್ಯಾಳಿ, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ: ಈ ಸೀಮೆಯ ರೊಟ್ಟಿಗೆ ಅದಕ್ಕಿಂತ ಸರಿಯಾದ ಜೋಡಿ ಇಲ್ಲ. ಎಣ್ಣಿ ಬದನಿಕಾಯಿ ಎಲ್ಲ ಕಡೆ ಸಿಗುತ್ತದೆ, ಪುಂಡಿಪಲ್ಯ ಎಲ್ಲ ಕಡೆ ಸಿಗುವುದಿಲ್ಲ.

ನಿಮ್ಮ ಅತ್ತೆಯವರಿಗೆ ಬಿಸಿ ರೊಟ್ಟಿ ಮುರಿದು ಬ್ಯಾಳಿ, ತುಪ್ಪ ಹಾಕಿ ಕಲಸಿ ಐದು ನಿಮಿಷ ಬಿಡಿ, ಹಲ್ಲಿಗೆ ಹಗುರ. ಹಿಂಡಿಯ ಖಾರ ಹೆಚ್ಚೆನಿಸಿದರೆ ನೀರು ಕುಡಿದು ಪ್ರಯೋಜನವಿಲ್ಲ, ಮೊಸರಿನಲ್ಲಿ ಕಲಸಿ ಕೊಡಿ. ಒಣಗಿಸಿದ ಗಟ್ಟಿ ಕಡಕ್ ರೊಟ್ಟಿ ಅವರಿಗೆ ಬೇಡ.

ಬೆಳಿಗ್ಗೆ ತಿಂಡಿಗೆ ಸುಸಲಾ, ಮಿರ್ಚಿ ಭಜಿ ನೋಡಿ. ಸುಸಲಾಕ್ಕೆ ಚುರುಮುರಿ ನೀರಿನಲ್ಲಿ ಮುಳುಗಿಸಿ ತಕ್ಷಣ ಹಿಂಡಿ ತೆಗೆದು, ಉಳ್ಳಾಗಡ್ಡಿ, ಹಸಿಮೆಣಸು, ಅರಿಸಿನದ ಒಗ್ಗರಣೆ ಕೊಟ್ಟು ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸುತ್ತಾರೆ. ಕಾಳು ಬಿಡಿಬಿಡಿಯಾಗಿ ಇರಬೇಕು. ಮುದ್ದೆಯಾಗಿದ್ದರೆ ಒಂದೋ ನೀರಿನಲ್ಲಿ ಹೆಚ್ಚು ಬಿಟ್ಟಿದ್ದಾರೆ, ಇಲ್ಲವೇ ಮಾಡಿ ಬಹಳ ಹೊತ್ತಾಗಿದೆ. ಮಿರ್ಚಿಯ ಮೇಲೆ ಕಪ್ಪು ಕಣಗಳು ಅಂಟಿದ್ದರೆ ಎಣ್ಣೆ ಹಳೆಯದು. ಮುಂದಿನ ಗಾಡಿಗೆ ನಡೆಯಿರಿ.

ನೀವು ಬರುವ ತಿಂಗಳು ಒಳ್ಳೆಯದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಉಪ್ಪು ಹಾಕಿ ಬೇಯಿಸಿದ ತೊಗರಿಕಾಯಿ, ಹಸಿ ಕಡಲೆ ಎಲ್ಲ ಆಗ ಬರುತ್ತವೆ. ಎಳ್ಳಮಾವಾಸ್ಯೆ ಯಾವ ದಿನ ಎಂದು ಮಾತ್ರ ಪಂಚಾಂಗ ನೋಡಿಕೊಳ್ಳಿ. ಆ ದಿನ ಜನವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಊರಿನಲ್ಲಿ ಹಲವು ಖಾನಾವಳಿಗಳಿಗೆ ಬೀಗ. ಯಾರಾದರೂ ಹೊಲಕ್ಕೆ ಕರೆದರೆ ಸಂಕೋಚ ಬೇಡ, ಹೋಗಿ. ಹಸಿ ತೊಗರಿ, ಅವರೆ, ಕಡಲೆ, ಹತ್ತಾರು ಸೊಪ್ಪು ಬೇಯಿಸಿ ಕಡಲೆ ಹಿಟ್ಟು ಕದಡಿ ಮಾಡುವ ಭಜ್ಜಿ ಯಾವ ಹೋಟೆಲಿನಲ್ಲೂ ಆ ರುಚಿಗೆ ಬರುವುದಿಲ್ಲ.

ಪ್ರಶ್ನೆ: ಕಲಬುರಗಿಯ ತಹರಿ ಬಗ್ಗೆ ಗೆಳೆಯರು ಬಹಳ ಹೇಳುತ್ತಾರೆ. ಅದು ಬಿರಿಯಾನಿಯೇ ಅಲ್ಲವೇ? ಎಲ್ಲಿ, ಯಾವಾಗ ತಿನ್ನಬೇಕು?
– ಮಂಗಳೂರಿನ ವಿದ್ಯಾರ್ಥಿ

ಉತ್ತರ: ಅಲ್ಲ ತಮ್ಮಾ. ಬಿರಿಯಾನಿಗೆ ಅಕ್ಕಿಯನ್ನು ಬೇರೆ ಅರೆಬೇಯಿಸಿ, ಮಾಂಸದ ಮೇಲೆ ಪದರಾಗಿ ಹಾಸಿ ದಮ್ ಕಟ್ಟುತ್ತಾರೆ. ತಹರಿಗೆ ಮಾಂಸ ಬೆಂದ ರಸಕ್ಕೇ ಅಕ್ಕಿ ಸುರಿಯುತ್ತಾರೆ, ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಣ್ಣ ಅರಿಸಿನದ್ದು. ಮಸಾಲೆ ಕಡಿಮೆ, ಮಾಂಸದ ರಸ ಹೆಚ್ಚು. ದುಡಿಯುವ ಜನರ ಹೊಟ್ಟೆ ತುಂಬಿಸುವ ಊಟ ಅದು, ಬೆಲೆಯೂ ಬಿರಿಯಾನಿಗಿಂತ ಬಹಳ ಕಡಿಮೆ.

ಮುಸ್ಲಿಂ ಚೌಕ್, ಖಾಜಾ ಬಂದೇನವಾಜ್ ದರ್ಗಾದ ಕಡೆಯ ರಸ್ತೆಗಳಲ್ಲಿ ಹುಡುಕು. ಇಲ್ಲಿಯೂ ಹೊತ್ತೇ ಮುಖ್ಯ: ‘ದೇಗ್ ಯಾವಾಗ ಇಳೀತು?’ ಎಂದು ಕೇಳು. ದೇಗ್ ಎಂದರೆ ಅಡುಗೆಯ ದೊಡ್ಡ ಹಂಡೆ. ಒಲೆಯಿಂದ ಇಳಿದು ಒಂದು ಗಂಟೆಯೊಳಗಿನ ತಹರಿಯಲ್ಲಿ ಅಕ್ಕಿ ಅರಳಿ ನಿಂತಿರುತ್ತದೆ. ದೇಗ್ ತಳ ಮುಟ್ಟಿದ ಮೇಲೆ ಸಿಗುವುದು ಎಣ್ಣೆ, ಪುಡಿಯಾದ ಅನ್ನ. ಮಧ್ಯಾಹ್ನದ್ದನ್ನು ರಾತ್ರಿ ಬಿಸಿ ಮಾಡಿ ಕೊಟ್ಟರೆ ತಿನ್ನಬೇಡ. ಉಗುರುಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಾಣು ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಊರು ಸುತ್ತಲು ಬಂದವರಿಗೆ ವಾಂತಿ ಹತ್ತಿಕೊಳ್ಳುವುದು ಬಹಳ ಸಲ ಹೀಗೆಯೇ.

ಇನ್ನೊಂದು ಮಾತು ಕೇಳದೆ ತಟ್ಟೆ ತೆಗೆದುಕೊಳ್ಳಬೇಡ. ‘ಛೋಟೆ ಕಾ’ ಎಂದರೆ ಕುರಿ, ಆಡಿನ ಮಾಂಸ. ‘ಬಡೆ ಕಾ’ ಎಂದರೆ ಎಮ್ಮೆ, ಕೋಣದ್ದು. ಅಗ್ಗದ ತಹರಿ ಸಾಮಾನ್ಯವಾಗಿ ಎರಡನೆಯದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ನೇರವಾಗಿ ಹೇಳುತ್ತಾರೆ.

ಈ ಊರು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪಾಯಾ (ಕಾಲಿನ ಸಾರು), ಖುಬಾನಿ ಕಾ ಮೀಠಾ (ಒಣ ಜರದಾಳು ಹಣ್ಣಿನ ಸಿಹಿ), ಗಟ್ಟಿ ಹಾಲಿನ ಚಹಾ ಎಲ್ಲ ಆ ಕಾಲದ ನಂಟು. ಗೋಧಿ, ಮಾಂಸ ಒಟ್ಟಿಗೆ ಕರಗುವಷ್ಟು ಬೇಯಿಸಿದ ಹಲೀಮ್ ಬೇಕೆಂದರೆ ರಂಜಾನ್ ತಿಂಗಳಲ್ಲೇ ಬಾ, ಅದೂ ಸಂಜೆ ಇಫ್ತಾರ್ ಆದ ಮೇಲೆ. ಆ ತಿಂಗಳು ಈ ರಸ್ತೆಗಳಲ್ಲಿ ಹಗಲು ಒಲೆ ಉರಿಯುವುದು ಕಡಿಮೆ.

ಪ್ರಶ್ನೆ: ಮೇ ತಿಂಗಳಲ್ಲಿ ಪರೀಕ್ಷೆ ಬರೆಯಲು ಕಲಬುರಗಿಗೆ ಬಂದು ಮೂರು ದಿನ ಲಾಡ್ಜಿನಲ್ಲಿ ಇರಬೇಕಿದೆ. ದುಡ್ಡು ಕಡಿಮೆ. ಬಿಸಿಲಿಗೆ ಏನು ಕುಡಿಯಬೇಕು, ಏನು ಕುಡಿಯಬಾರದು?
– ಶಿವಮೊಗ್ಗದಿಂದ

ಉತ್ತರ: ಮೇ ತಿಂಗಳಲ್ಲಿ ಇಲ್ಲಿ 42–43 ಡಿಗ್ರಿ ಬಿಸಿಲು ಸಾಮಾನ್ಯ, ಮಲೆನಾಡಿನ ದೇಹಕ್ಕೆ ಅದು ತಡೆಯಲಾರದಷ್ಟು. ಬಾಯಾರಿದ ಮೇಲೆ ಕುಡಿಯುತ್ತೇನೆ ಎಂದು ಕಾಯಬೇಡಿ. ಲಾಡ್ಜಿನಿಂದ ಹೊರಡುವಾಗ ಎರಡು ಲೋಟ ನೀರು ಕುಡಿದೇ ಹೊರಡಿ, ಕೈಯಲ್ಲಿ ಒಂದು ಲೀಟರ್ ಇರಲಿ.

ರಸ್ತೆಬದಿಯ ಶರಬತ್ತು, ಕಬ್ಬಿನಹಾಲಿನಲ್ಲಿ ಹೆಚ್ಚಾಗಿ ತೊಂದರೆ ಕೊಡುವುದು ಐಸ್. ದೊಡ್ಡ ಗಡ್ಡೆಗಳಲ್ಲಿ ಬರುವ ಐಸ್ ಮೀನು, ಹಾಲಿನ ಡಬ್ಬಿ ತಂಪು ಇಡಲು ಮಾಡಿದ್ದು. ಅದರ ನೀರು ಕುಡಿಯುವ ನೀರೇ ಆಗಿರಬೇಕೆಂದಿಲ್ಲ. ಗೋಣಿಚೀಲದಲ್ಲಿ ಸುತ್ತಿ ನೆಲದ ಮೇಲೆ ಎಳೆದು ತಂದಿರುತ್ತಾರೆ. ಕಬ್ಬಿನಹಾಲಿಗೆ ‘ಐಸ್ ಬ್ಯಾಡ್ರಿ’ ಎನ್ನಿ. ಗಾಣದ ಉರುಳೆಗೆ ನೊಣ ಮುತ್ತಿದ್ದರೆ ಐಸ್ ಇಲ್ಲದೆಯೂ ಬೇಡ. ಕಣ್ಣೆದುರು ಕೆತ್ತಿದ ಎಳನೀರು, ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಇವು ಮೂರೂ ಸರಿ. ಬಾಟಲಿ ನೀರಾದರೆ ಮುಚ್ಚಳದ ಸೀಲು ನಿಮ್ಮ ಕೈಯಲ್ಲೇ ಮುರಿಯಬೇಕು.

ತಲೆಸುತ್ತು, ಸ್ನಾಯು ಸೆಳೆತ, ಕಡು ಹಳದಿ ಮೂತ್ರ ಕಂಡರೆ ಬರೀ ನೀರು ಸಾಲದು. ಔಷಧಿ ಅಂಗಡಿಯ ಓಆರ್‌ಎಸ್ ಪುಡಿ ತನ್ನಿ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಈ ಅಳತೆ ಮೀರಬೇಡಿ. ಉಪ್ಪು ಹೆಚ್ಚಾದರೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಜಾಸ್ತಿಯಾಗುತ್ತದೆ. ಪುಡಿಯನ್ನೂ ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಕಲಸಿ, ಅರ್ಧ ಇಂದು ಅರ್ಧ ನಾಳೆ ಎಂದು ಹಾಕಬೇಡಿ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಅದು ಬಿಸಿಲಾಘಾತ. ಒಡನೆ ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸಬೇಕು, 108ಕ್ಕೆ ಕರೆ ಮಾಡಬೇಕು.

ದುಡ್ಡಿನ ಲೆಕ್ಕಕ್ಕೆ ಇಂದಿರಾ ಕ್ಯಾಂಟೀನ್ ಇದೆ: ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಮಾಡಿದ್ದು ಮುಗಿದರೆ ಮುಗಿಯಿತು, ಹಾಗಾಗಿ ತೆರೆಯುವ ಹೊತ್ತಿಗೇ ಹೋಗಿ. ಶರಣಬಸವೇಶ್ವರ ದೇವಸ್ಥಾನದ ದಾಸೋಹವೂ ಇದೆ, ಬಂದವರಿಗೆ ಅನ್ನ ಹಾಕುವುದು ಅಲ್ಲಿನ ಹಳೆಯ ನಡೆ. ಪರೀಕ್ಷೆಯ ಹಿಂದಿನ ರಾತ್ರಿ ಮಿರ್ಚಿ, ಸಾವಜಿ ಬಿಟ್ಟುಬಿಡಿ; ಮೊಸರನ್ನ ಸಾಕು.

ಪ್ರಶ್ನೆ: ಯಾದಗಿರಿ ಕಡೆ ಸೇಂದಿ (ಈಚಲು ಮರದ ಹೆಂಡ) ಸಿಗುತ್ತದಂತೆ, ಒಮ್ಮೆ ರುಚಿ ನೋಡಬಹುದೇ?
– ಹೆಸರು ಬೇಡ ಎಂದವರು

ಉತ್ತರ: ಬೇಡ. ಈ ಜಿಲ್ಲೆಗಳಲ್ಲಿ ಅದರ ಮಾರಾಟಕ್ಕೆ ಅನುಮತಿ ಇಲ್ಲ. ಕದ್ದು ಮಾರುವುದರಲ್ಲಿ ಮರದಿಂದ ಇಳಿಸಿದ್ದಕ್ಕಿಂತ ಸಿ.ಎಚ್. ಪೌಡರ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಕಲಸಿದ್ದೇ ಹೆಚ್ಚು. ಅದು ಉಸಿರಾಟವನ್ನೇ ನಿಧಾನ ಮಾಡುತ್ತದೆ.

ಪ್ರಶ್ನೆ: ಬೀದರ್ ಕೋಟೆ ನೋಡಿ ಗುರುದ್ವಾರದ ಲಂಗರಿನಲ್ಲಿ ಊಟ ಮಾಡುವ ಆಸೆ. ಸಿಖ್ಖರಲ್ಲದವರು ಹೋಗಬಹುದೇ? ದುಡ್ಡು ಎಷ್ಟು? ಮಕ್ಕಳು ಜೊತೆಗಿದ್ದಾರೆ.
– ಮೈಸೂರಿನ ದಂಪತಿ

ಉತ್ತರ: ನಾನಕ್ ಝೀರಾ ಸಾಹಿಬ್ ಗುರುದ್ವಾರದ ಲಂಗರ್ ಎಲ್ಲರಿಗೂ ತೆರೆದಿದೆ, ದುಡ್ಡು ಕೇಳುವುದಿಲ್ಲ. ಕೊಡಬೇಕೆನಿಸಿದರೆ ಹುಂಡಿ ಇದೆ. ಊಟ ಸಸ್ಯಾಹಾರ: ರೊಟ್ಟಿ, ದಾಲ್, ಪಲ್ಯ, ಅನ್ನ.

ಚಪ್ಪಲಿ ಬಿಟ್ಟು ಕೈಕಾಲು ತೊಳೆದು, ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು. ಟೋಪಿ ನಡೆಯುವುದಿಲ್ಲ, ಬಟ್ಟೆ ಅಲ್ಲಿಯೇ ಸಿಗುತ್ತದೆ, ಆದರೆ ಮಕ್ಕಳಿಗೆ ದೊಡ್ಡ ಕರ್ಚೀಫು ನೀವೇ ಒಯ್ದರೆ ಗಂಟು ಬಿಚ್ಚುವ ಗೋಳು ತಪ್ಪುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಜೇಬಿನಲ್ಲೂ ಇರಕೂಡದು. ಸಾಲಿನಲ್ಲಿ ನೆಲದ ಮೇಲೆ ಕೂಡ್ರಿ. ರೊಟ್ಟಿ ಬಡಿಸುವಾಗ ಎರಡೂ ಕೈ ಚಾಚಿ ಪ್ರಸಾದದಂತೆ ಸ್ವೀಕರಿಸಿ. ಮಕ್ಕಳಿಗೆ ಮೊದಲು ಅರ್ಧ ಬಡಿಸಿಕೊಳ್ಳಿ, ಮತ್ತೆ ಮತ್ತೆ ಬರುತ್ತಾರೆ. ತಟ್ಟೆಯಲ್ಲಿ ಬಿಡುವುದು ಅಲ್ಲಿ ಸಲ್ಲದು. ಊಟವಾದ ಮೇಲೆ ತಟ್ಟೆ ತೊಳೆಯುವ ಕಡೆ ಒಂದು ಹತ್ತು ನಿಮಿಷ ಕೈ ಹಚ್ಚಿ. ಯಾರೂ ಕೇಳುವುದಿಲ್ಲ, ಆದರೆ ಆ ಅಡುಗೆಮನೆ ನಡೆಯುವುದೇ ಅಂಥ ಕೈಗಳಿಂದ.

ಕೋಟೆ ದೊಡ್ಡದು, ಒಳಗೆ ಊಟಕ್ಕೆ ಏನೂ ನಂಬಬೇಡಿ. ನೀರು ಒಯ್ದು ಬೆಳಿಗ್ಗೆಯೇ ಕೋಟೆ ಮುಗಿಸಿ, ಬಿಸಿಲೇರಿದ ಮೇಲೆ ಲಂಗರಿಗೆ ಬನ್ನಿ.

ಪ್ರಶ್ನೆ: ಊರಿಗೆ ಏನು ಒಯ್ಯಬಹುದು? ರೈಲಿನಲ್ಲಿ ಹನ್ನೆರಡು ತಾಸಿನ ದಾರಿ. ಹೋದ ಸಲ ಒಯ್ದ ಬದನೆಕಾಯಿ ಪಲ್ಯ ಹಳಸಿತು.
– ಬೆಂಗಳೂರಿನ ಓದುಗರು

ಉತ್ತರ: ಎಣ್ಣಿ ಬದನಿಕಾಯಿ ಪಾರ್ಸಲ್ ಆರು ತಾಸಿಗಿಂತ ಹೆಚ್ಚು ನಂಬಬಾರದು, ಬೇಸಿಗೆಯಲ್ಲಿ ಅದೂ ಇಲ್ಲ. ಬಿಸಿಬಿಸಿಯಾಗಿ ಪ್ಲಾಸ್ಟಿಕ್ಕಿಗೆ ತುಂಬಿಸಿದರೆ ಒಳಗೇ ಬೆವರಿ ಇನ್ನೂ ಬೇಗ ಕೆಡುತ್ತದೆ. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಮೊಸರನ್ನು ಸ್ಟೇಷನ್ನಿನಲ್ಲಿ ಕೊಳ್ಳಿ. ಒಣಗಿಸಿ ಸುಟ್ಟ ಕಡಕ್ ರೊಟ್ಟಿ ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ. ಕೊಳ್ಳುವಾಗ ಒಂದನ್ನು ಮುರಿದು ನೋಡಿ, ಟಕ್ಕೆಂದು ಮುರಿಯಬೇಕು, ಬಾಗಬಾರದು. ಹಿಂಡಿಯನ್ನು ಮೂಸಿ ನೋಡಿ, ಶೇಂಗಾ ಕಮಟು ವಾಸನೆ ಬಂದರೆ ಹಳೆಯದು. ಪೊಟ್ಟಣದ ಮೇಲೆ ತಯಾರಾದ ದಿನ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪರವಾನಗಿ) ಸಂಖ್ಯೆ ಇರಲಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಬೇಗ ಕಮಟುತ್ತವೆ, ಕಾಲು ಕಿಲೋ ಮೇಲೆ ಕೊಳ್ಳಬೇಡಿ.

ಖೋವಾದ ಮಾಲ್‌ಪುರಿ ಇಲ್ಲಿನ ಹೆಸರಾದ ಸಿಹಿ. ಹೊರಡುವ ದಿನವೇ ಕೊಂಡು ಮರುದಿನದೊಳಗೆ ಮುಗಿಸಿ.

ಎಲ್ಲಕ್ಕಿಂತ ಒಯ್ಯಬೇಕಾದದ್ದು ತೊಗರಿಬೇಳೆ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಕನ್ನಡಿಯಂತೆ ಹೊಳೆಯುವ ಬೇಳೆ ಕೊಳ್ಳಬೇಡಿ, ಅದಕ್ಕೆ ಎಣ್ಣೆಯ ಪಾಲಿಶ್ ಇರುತ್ತದೆ. ಮಂಕು ಹಳದಿ, ಅಲ್ಲಲ್ಲಿ ಕೆಂಪು ಸಿಪ್ಪೆಯ ಚೂರು ಇರುವುದೇ ಒಳ್ಳೆಯದು. ಒಂದು ಲೋಟ ಬೇಳೆಯನ್ನು ಅರ್ಧ ತಾಸು ನೆನೆಸಿ ಮೂರು ಲೋಟ ನೀರಿಟ್ಟು ಬೇಯಿಸಿ. ಉಪ್ಪು, ಹುಣಸೆ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಎಂಥ ಬೇಳೆಯೂ ಕರಗುವುದಿಲ್ಲ.