ನೆರಳು ಕಾಣದಿದ್ದರೆ ಏನೂ ಆಗುವುದಿಲ್ಲ, ಹೊರಗೆ ಬಂದು ನೋಡಿ

ಏಪ್ರಿಲ್ ಬಂದರೆ ಸಾಕು, ನೆರಳಿನ ಬಗ್ಗೆ ಪತ್ರಗಳು ಬರಲು ಶುರುವಾಗುತ್ತವೆ. ಪ್ರತಿ ವರ್ಷ ಅವೇ ಪ್ರಶ್ನೆಗಳು, ಅದೇ ಭಯ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತಿದ್ದೇನೆ, ಉಳಿದವಕ್ಕೆ ಚಿಕ್ಕದಾಗಿ. ನೆರಳು ಯಾಕೆ ಬೀಳುತ್ತದೆ ಅನ್ನುವುದನ್ನು ಶಾಲೆಯಲ್ಲೇ ಓದಿದ್ದೀರಿ. ಅದನ್ನು ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ಸರ್, ಏಪ್ರಿಲ್ 24ಕ್ಕೆ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಅಂತಾರೆ. ಆ ಹೊತ್ತಿನಲ್ಲಿ ಹೊರಗೆ ಹೋಗಬಾರದು, ನೆರಳು ಕಾಣದಿದ್ದರೆ ಆಯಸ್ಸು ಕಮ್ಮಿ ಅಂತ ನಮ್ಮ ಬೀದಿಯಲ್ಲಿ ಒಬ್ಬರು ಹೇಳುತ್ತಿದ್ದಾರೆ. ನನ್ನ ಸೊಸೆಗೆ ಈಗ ಏಳು ತಿಂಗಳು, ಅದಕ್ಕೆ ಭಯ. ಹೋದ ವರ್ಷ ಮಗ ಸರಿಯಾಗಿ 12 ಗಂಟೆಗೆ ಟೆರೇಸ್ ಮೇಲೆ ನಿಂತು ನೋಡಿದ, ನೆರಳು ಇತ್ತು. ಹಾಗಾದರೆ ಇದೆಲ್ಲ ಸುಳ್ಳಾ?

ಉತ್ತರ: ಮೊದಲು ನಿಮ್ಮ ಸೊಸೆಯ ವಿಷಯ. ನೆರಳು ಚಿಕ್ಕದಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಏನೂ ಆಗುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬಸುರಿಯರು ಯಾವಾಗಲೂ ಎಷ್ಟು ಜಾಗ್ರತೆ ಮಾಡಬೇಕೋ ಅಷ್ಟೇ ಸಾಕು. ನೀರು ಕುಡಿದು, ತಲೆ ಮೇಲೆ ಬಟ್ಟೆ ಹಾಕಿಕೊಂಡು ಬರಲಿ. ಐದು ನಿಮಿಷ ನೋಡಿ ಒಳಗೆ ಹೋಗಲಿ.

ತನ್ನ ನೆರಳಿನ ತಲೆ ಕಾಣದವನು ಜಾಸ್ತಿ ದಿನ ಬದುಕುವುದಿಲ್ಲ ಅನ್ನುವ ನಂಬಿಕೆ ಹಳೆಯದು. ಆ ನಂಬಿಕೆಯನ್ನು ಹಿಡಿದುಕೊಂಡು ದೋಷ ಪರಿಹಾರ ಅಂತ ದುಡ್ಡು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಸುರಿ ಹೆಂಗಸನ್ನು ಹೆದರಿಸಿ ಕಾಸು ಮಾಡುವುದು ಪಾಪದ ಕೆಲಸ. ಸೂರ್ಯ ವರ್ಷಕ್ಕೆ ಎರಡು ಸಲ, ಒಂದು ವರ್ಷವೂ ತಪ್ಪದೆ, ಬೆಂಗಳೂರಿನ ನೆತ್ತಿಗೆ ಬರುತ್ತಾನೆ. ದೋಷ ಇದ್ದಿದ್ದರೆ ಊರಿಗೆ ಊರೇ ಖಾಲಿಯಾಗಬೇಕಿತ್ತು, ಅಲ್ವಾ? ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ನಿಮ್ಮ ಮಗ ನೋಡಿದ್ದು. ಅವನು ನೋಡಿದ್ದು ನಿಜ, ಹೊತ್ತು ಮಾತ್ರ ತಪ್ಪು. ಗಡಿಯಾರದ 12 ಬೇರೆ, ಸೂರ್ಯನ ನಡುಮಧ್ಯಾಹ್ನ ಬೇರೆ. ನಮ್ಮ ಗಡಿಯಾರಗಳೆಲ್ಲ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿವೆ. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ಸುಮಾರು 20 ನಿಮಿಷ ತಡ. ಸೂರ್ಯ ಗಡಿಯಾರದ ಹಾಗೆ ಒಂದೇ ಸಮ ನಡೆಯುವುದಿಲ್ಲ, ವರ್ಷದಲ್ಲಿ ಕೆಲವು ನಿಮಿಷ ಹಿಂದೆಮುಂದೆ ಆಗುತ್ತಾನೆ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಸೂರ್ಯ ಇಲ್ಲಿ ನೆತ್ತಿಗೆ ಬರುವುದು 12:17ರ ಹೊತ್ತಿಗೆ. 12 ಗಂಟೆಗೆ ಒಂದು ಮೀಟರ್ ಕೋಲು ನೆಟ್ಟರೆ ಏಳು ಸೆಂಟಿಮೀಟರ್‌ಗೂ ಜಾಸ್ತಿ ಉದ್ದದ ನೆರಳು ಬೀಳುತ್ತದೆ. ಅವನು ಇನ್ನೊಂದು ಕಾಲು ಗಂಟೆ ಕಾದಿದ್ದರೆ ಸಾಕಿತ್ತು. ಮಂಗಳೂರಿನವರು ಬೆಂಗಳೂರಿನವರಿಗಿಂತ ಸುಮಾರು 11 ನಿಮಿಷ ಜಾಸ್ತಿ ಕಾಯಬೇಕು.

ಏಪ್ರಿಲ್ 24ಕ್ಕಾ, 25ಕ್ಕಾ ಅಂತ ಜಗಳ ಆಡುವವರೂ ಇದ್ದಾರೆ. ಎರಡೂ ಸರಿ. ಆ ದಿನಗಳಲ್ಲಿ ನಡುಮಧ್ಯಾಹ್ನದ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಉತ್ತರಕ್ಕೆ ಸರಿಯುತ್ತಾನೆ. ಆಕಾಶದಲ್ಲಿ ಕಾಣುವ ಸೂರ್ಯನ ಅಗಲವೇ ಅರ್ಧ ಡಿಗ್ರಿ. ಅಂದರೆ ಒಂದು ದಿನ ಹೆಚ್ಚುಕಮ್ಮಿಯಾದರೆ ಮೀಟರ್ ಕೋಲಿಗೆ ಆರು ಮಿಲಿಮೀಟರ್ ವ್ಯತ್ಯಾಸ. ಸೂರ್ಯ ಒಂದು ಚುಕ್ಕಿಯಲ್ಲದ ಕಾರಣ ನೆರಳಿನ ಅಂಚೇ ಅಷ್ಟು ಮಸುಕಾಗಿರುತ್ತದೆ.

ಇದು ಬೆಂಗಳೂರಿಗೆ ಮಾತ್ರ ಸಿಕ್ಕಿದ ವರ ಅಂತಲೂ ಅಂದುಕೊಳ್ಳಬೇಡಿ. ಏಪ್ರಿಲ್ ಮೂರನೇ ವಾರದಲ್ಲಿ ಚಾಮರಾಜನಗರದಿಂದ ಶುರುವಾಗಿ, ಮೈಸೂರು, ಬೆಂಗಳೂರು ದಾಟಿ, ಮೇ ಮೊದಲ ವಾರ ಹಂಪಿ ಮತ್ತು ಹುಬ್ಬಳ್ಳಿಗೆ, ಮೇ ಎರಡನೇ ವಾರ ಕಲಬುರಗಿ ಮತ್ತು ಬೀದರ್‌ಗೆ ಸೂರ್ಯ ನೆತ್ತಿಗೆ ಬರುತ್ತಾ ಹೋಗುತ್ತಾನೆ. ಆಗಸ್ಟ್‌ನಲ್ಲಿ ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ. ಕರ್ನಾಟಕದ ಒಂದು ಹಳ್ಳಿಗೂ ಇದು ತಪ್ಪುವುದಿಲ್ಲ. ದೆಹಲಿಯವರಿಗೆ ಈ ಭಾಗ್ಯ ಯಾವತ್ತೂ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ಈ ಎರಡು ದಿನಗಳ ನಡುವೆ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ 18ರವರೆಗೆ ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ಕ್ಕೆ ಸೂರ್ಯ ನೆತ್ತಿಯಿಂದ ಹತ್ತೂವರೆ ಡಿಗ್ರಿ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ವರ್ಷವಿಡೀ ಬಿಸಿಲೇ ಬೀಳದು ಅಂತ ಹೇಳಿ ಮನೆ ಕಟ್ಟಿಸುವವರು ಒಂದು ಸಲ ಜೂನ್‌ನಲ್ಲಿ ಆ ಕಿಟಕಿಯ ಮುಂದೆ ನಿಂತು ನೋಡಲಿ.

ನೋಡುವುದು ಹೇಗೆ? ಬೇರೇನೂ ಬೇಡ, ಒಂದು ಗಜದಷ್ಟು ಉದ್ದದ ನೆಟ್ಟನೆಯ ಪೈಪ್ ಸಾಕು. ನೆಲ ಮಟ್ಟವಾಗಿರಬೇಕು, ಪೈಪ್ ನೇರ ನಿಂತಿರಬೇಕು. ಮನೆ ಕೆಲಸದ ಮೇಸ್ತ್ರಿಯ ಹತ್ತಿರ ರಸಮಟ್ಟ, ತೂಕದ ಗುಂಡು ಇರುತ್ತವೆ, ಕೇಳಿ ಪಡೆಯಿರಿ. ಟೆರೇಸ್‌ಗೆ ಮಳೆನೀರು ಹರಿದುಹೋಗಲು ಇಳಿಜಾರು ಕೊಟ್ಟಿರುತ್ತಾರೆ, ಅಲ್ಲಿ ಮಾಡುವವರು ಎಚ್ಚರ. ನಿಮ್ಮ ಮೈಯ ನೆರಳು ಪೂರ್ತಿ ಮಾಯವಾಗುತ್ತದೆ ಅಂತ ಕಾಯಬೇಡಿ. ಭುಜ, ತಲೆಯ ನೆರಳು ಕಾಲ ಸುತ್ತ ಗುಡ್ಡೆಯಾಗಿ ಬಿದ್ದಿರುತ್ತದೆ. ಪೈಪ್‌ನ ನೆರಳು ಅದರ ಬುಡದಲ್ಲೇ ಅಡಗುತ್ತದೆ, ಅದನ್ನು ನೋಡಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ನೆತ್ತಿಗೆ ಬಂದನಾ ಅಂತ ತಲೆಯೆತ್ತಿ ಸೂರ್ಯನನ್ನು ನೋಡಬೇಡಿ. ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಬನ್ನಿ. ಕಣ್ಣಿನ ಹಿಂದಿನ ಪರದೆಗೆ ನೋವು ಗೊತ್ತಾಗುವುದಿಲ್ಲ. ಸುಟ್ಟ ಮೇಲೂ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಎಕ್ಸ್‌ರೇ ಫಿಲ್ಮ್, ತಂಪು ಕನ್ನಡಕ, ಯಾವುದೂ ಬೇಡ. ಇದು ನೆಲ ನೋಡುವ ಪ್ರಯೋಗ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಬೀದರ್. ಬೀದರ್ ಹೆಚ್ಚುಕಮ್ಮಿ ಬೆಂಗಳೂರಿನ ನೇರ ಉತ್ತರಕ್ಕಿದೆ. ಹಾಗಾಗಿ ಎರಡೂ ಊರಲ್ಲಿ ನಡುಮಧ್ಯಾಹ್ನ ಒಂದೇ ಹೊತ್ತಿಗೆ. ಬೆಂಗಳೂರಿನಲ್ಲಿ ಕೋಲಿನ ನೆರಳು ಅಡಗಿದ ಗಳಿಗೆಯಲ್ಲೇ ಬೀದರ್‌ನಲ್ಲಿ ಒಂದು ಮೀಟರ್ ಕೋಲಿಗೆ ಎಂಟೂವರೆ ಸೆಂಟಿಮೀಟರ್‌ನಷ್ಟು ನೆರಳು ಉತ್ತರಕ್ಕೆ ಬಿದ್ದಿರುತ್ತದೆ. ಅಲ್ಲಿ ನಿಮಗೆ ನೆಂಟರಿದ್ದರೆ ಫೋನ್ ಮಾಡಿ ಅಳೆಯಲು ಹೇಳಿ. ಅಷ್ಟು ನೆರಳು ಅಂದರೆ ಸುಮಾರು 5 ಡಿಗ್ರಿ ಕೋನ. ಎರಡೂ ಊರಿನ ನಡುವೆ ಕಾಗೆ ಹಾರುವ ದಾರಿ ಸುಮಾರು 550 ಕಿಲೋಮೀಟರ್. ರಸ್ತೆಯ ಲೆಕ್ಕ ಹಿಡಿಯಬೇಡಿ, ತಪ್ಪು ಬರುತ್ತದೆ. 5 ಡಿಗ್ರಿಗೆ 550 ಆದರೆ ಪೂರ್ತಿ ಸುತ್ತಿನ 360 ಡಿಗ್ರಿಗೆ? 39,600 ಕಿಲೋಮೀಟರ್. ಭೂಮಿಯ ನಿಜವಾದ ಸುತ್ತಳತೆ 40,000 ಕಿಲೋಮೀಟರ್‌ನ ಆಸುಪಾಸು. 2,200 ವರ್ಷಗಳಿಗೂ ಹಿಂದೆ ಈಜಿಪ್ಟ್‌ನಲ್ಲಿ ಎರಟೋಸ್ಥೆನಿಸ್ ಅನ್ನುವ ಗ್ರೀಕ್ ವಿದ್ವಾಂಸ ಮಾಡಿದ್ದು ಇದೇ ಲೆಕ್ಕ. ಸಯೀನ್ ಊರಲ್ಲಿ ನೆರಳಿಲ್ಲದ ದಿನ ಅಲೆಕ್ಸಾಂಡ್ರಿಯಾದಲ್ಲಿ ಅವನಿಗೆ ಸಿಕ್ಕಿದ ಕೋನ 7.2 ಡಿಗ್ರಿ, ಸುತ್ತಿನ ಐವತ್ತನೇ ಒಂದು ಭಾಗ. ಇಡೀ ಭೂಮಿಯನ್ನು ಒಂದು ಕೋಲು, ಒಂದು ಫೋನ್ ಕರೆಯಲ್ಲಿ ಅಳೆಯಬಹುದಾದ ದಿನ ಬಾಗಿಲು ಹಾಕಿಕೊಂಡು ಕೂರುತ್ತಾರಲ್ಲ, ನನ್ನ ಸಂಕಟ ಅದು.

ಪ್ರಶ್ನೆ: ಹಂಪಿಯ ವಿರೂಪಾಕ್ಷ ಗುಡಿಯ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಗೋಡೆಯೊಳಗೆ ಮಸೂರ ಇಟ್ಟಿದ್ದಾರೆ ಅಂತಾರೆ, ನಿಜವಾ?

ಉತ್ತರ: ಮಸೂರ ಇಲ್ಲ. ಗೋಡೆಯಲ್ಲಿ ಚಿಕ್ಕ ಕಿಂಡಿ ಇದೆ, ಅಷ್ಟೇ ಸಾಕು. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ತೂರಿ ಗೋಡೆಯ ಕೆಳಗಡೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ ಬೀಳುತ್ತದೆ. ಬೆಳಕು ನೇರ ಹೋಗುವುದರಿಂದ ಬೇರೆ ದಾರಿಯೇ ಇಲ್ಲ. ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ದುಂಡನೆಯ ಬೆಳಕಿನ ಮಚ್ಚೆಗಳೂ ಇದೇ ಕೆಲಸ, ಒಂದೊಂದೂ ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಆ ಮಚ್ಚೆಗಳು ಕುಡುಗೋಲಿನ ಆಕಾರಕ್ಕೆ ತಿರುಗಿದವು. ಕೊಡಗಿನ ಕುಟ್ಟದಂಥ ಕಡೆ ಬಳೆಯನ್ನೇ ನೆಲದ ಮೇಲೆ ನೋಡಬಹುದಿತ್ತು. ಹಂಪಿಯಲ್ಲಿ ಆ ಕೋಣೆಗೆ ಹೋದರೆ ಫೋನ್‌ನ ಟಾರ್ಚ್ ಹಾಕಬೇಡಿ. ಕಣ್ಣು ಕತ್ತಲೆಗೆ ಒಗ್ಗಲು ಬಿಡಿ.

ಪ್ರಶ್ನೆ: ತಂಜಾವೂರಿನ ದೊಡ್ಡ ಗುಡಿಯ ಗೋಪುರದ ನೆರಳು ನೆಲಕ್ಕೆ ಬೀಳುವುದೇ ಇಲ್ಲವಂತೆ?

ಉತ್ತರ: ಬೀಳುತ್ತದೆ. ಬೆಳಗ್ಗೆ ಅಥವಾ ಸಂಜೆ ಹೋಗಿ ನೋಡಿ.

ಪ್ರಶ್ನೆ: ಗ್ರಹಣದ ಹೊತ್ತಿನಲ್ಲಿ ಮಾತ್ರ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲುತ್ತದೆ. ಅದು ಚಂದ್ರನ ನೆರಳಿನ ಶಕ್ತಿಯಾ?

ಉತ್ತರ: ತಳ ಸಪಾಟಾಗಿರುವ ಒನಕೆ ನಾಳೆ ಬೆಳಗ್ಗೆಯೂ ನಿಲ್ಲುತ್ತದೆ, ನಿಲ್ಲಿಸಿ ನೋಡಿ.

ಪ್ರಶ್ನೆ: ಹಾರುವ ವಿಮಾನದ ನೆರಳು ನೆಲದ ಮೇಲೆ ಯಾಕೆ ಕಾಣುವುದಿಲ್ಲ? ನಮ್ಮ ಮಕ್ಕಳು ದಿನಾ ಕೇಳುತ್ತಾರೆ.

ಉತ್ತರ: ಒಳ್ಳೆಯ ಮಕ್ಕಳು. ಸೂರ್ಯನಿಗೆ ಅಗಲ ಇರುವುದರಿಂದ ಗಾಢವಾದ ನೆರಳು ದೂರ ಹೋದಂತೆ ಸಣ್ಣದಾಗುತ್ತಾ ಹೋಗುತ್ತದೆ. ವಸ್ತುವಿನ ಅಗಲದ ಸುಮಾರು 107 ಪಟ್ಟು ದೂರದಲ್ಲಿ ಅದು ಮುಗಿದೇ ಹೋಗುತ್ತದೆ. ನಾವು ಓಡಾಡುವ ಮಾಮೂಲಿ ವಿಮಾನದ ಒಡಲು ನಾಲ್ಕು ಮೀಟರ್ ಅಗಲ, ಅಂದರೆ 430 ಮೀಟರ್‌ವರೆಗೆ ಮಾತ್ರ. ಹತ್ತು ಕಿಲೋಮೀಟರ್ ಎತ್ತರದಿಂದ ಏನು ಬಂದೀತು? ಬೀದಿಯ ಕರೆಂಟ್ ತಂತಿಯ ನೆರಳನ್ನು ಮಕ್ಕಳಿಗೆ ತೋರಿಸಿ. ತಂತಿ ಒಂದು ಸೆಂಟಿಮೀಟರ್ ದಪ್ಪ ಇದ್ದರೆ ಅದರ ಗಾಢ ನೆರಳು ಒಂದು ಮೀಟರ್ ಕೆಳಗೇ ಮುಗಿಯುತ್ತದೆ. ರಸ್ತೆಗೆ ತಲುಪುವುದು ಮಸುಕು ಗೆರೆ ಮಾತ್ರ.

ಪ್ರಶ್ನೆ: ಆಗಸ್ಟ್ 18ಕ್ಕೆ ಬೆಂಗಳೂರಿನಲ್ಲಿ ಮೋಡ ಇದ್ದರೆ?

ಉತ್ತರ: ಹಿಂದಿನ ದಿನವೋ ಮಾರನೇ ದಿನವೋ ಮಾಡಿ. ಆಗ ಹೊತ್ತು 12:24.